ಹೈಸ್ಕೂಲಾಗಿ ಹುಟ್ಟಿದ ಸೆಂಟ್ರಲ್ ಕಾಲೇಜು

ಈ ಸುವರ್ಣ ಮಹೋತ್ಸವದ ಸಂಚಿಕೆಯಲ್ಲಿ ನಮ್ಮ ಶಾಲೆಯ ಬಗ್ಗೆ ಬರೆಯುವವರು ಅನೇಕರಿದ್ದಾರೆ. ನಾನು ಇನ್ನೊಂದು ಹೈಸ್ಕೂಲಿನ ಕಟ್ಟಡದ ಬಗ್ಗೆ ನಾಲ್ಕು ಮಾತು ಬರೆಯುತ್ತೇನೆ. ದೊಡ್ಡಬಳ್ಳಾಪುರದಿಂದ ಬಸ್ಸು ಹತ್ತಿ ಮೆಜೆಸ್ಟಿಕ್ಕಿನಲ್ಲಿಳಿದು, ಮೈಸೂರು ಬ್ಯಾಂಕ್ ವೃತ್ತದ ಕಡೆ ನಡೆದವರೆಲ್ಲ ಅದನ್ನು ನೋಡಿರುತ್ತಾರೆ. ಕಮಾನುಗಳೂ ಗಡಿಯಾರದ ಗೋಪುರವೂ ಇರುವ ಸೆಂಟ್ರಲ್ ಕಾಲೇಜು ಅದು.

ಕಬ್ಬನ್ ಸಾಹೇಬರು ಕಮಿಷನರಾಗಿದ್ದಾಗ, 1858ರಲ್ಲಿ, ರೆವರೆಂಡ್ ಜಾನ್ ಗ್ಯಾರೆಟ್ ಅವರ ಮೇಲ್ವಿಚಾರಣೆಯಲ್ಲಿ ಬೆಂಗಳೂರು ಹೈಸ್ಕೂಲ್ ಎಂದು ಅದು ಶುರುವಾಯಿತು. 1875ರಲ್ಲಿ ಸೆಂಟ್ರಲ್ ಕಾಲೇಜ್ ಆಯಿತು. ಪರೀಕ್ಷೆ ಮಾತ್ರ ಮದರಾಸು ವಿಶ್ವವಿದ್ಯಾನಿಲಯದ್ದು, ಏಕೆಂದರೆ ನಮ್ಮ ಸಂಸ್ಥಾನಕ್ಕೆ ಆಗ ಸ್ವಂತ ವಿಶ್ವವಿದ್ಯಾನಿಲಯ ಇರಲಿಲ್ಲ.

ನಮ್ಮ ನೆರೆಯ ಮುದ್ದೇನಹಳ್ಳಿಯ ಹುಡುಗನೊಬ್ಬ ಚಿಕ್ಕಬಳ್ಳಾಪುರದಲ್ಲಿ ಓದಿ, ತಂದೆಯನ್ನು ಕಳೆದುಕೊಂಡು, ಬೆಂಗಳೂರಿಗೆ ಬಂದು ಈ ಕಾಲೇಜು ಸೇರಿದ. ಕೊಡಗಿನ ಕುಟುಂಬವೊಂದರ ಮಕ್ಕಳಿಗೆ ಮನೆಪಾಠ ಹೇಳಿ ತನ್ನ ಖರ್ಚು ನಡೆಸಿಕೊಂಡು 1881ರಲ್ಲಿ ಬಿ.ಎ. ಮಾಡಿದ. ಅವರೇ ಎಂ. ವಿಶ್ವೇಶ್ವರಯ್ಯ. ಅವರು ದಿವಾನರಾಗಿದ್ದಾಗಲೇ, ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಹುಟ್ಟಿ ಸೆಂಟ್ರಲ್ ಕಾಲೇಜು ಅದರ ಕೈಕೆಳಗೆ ಬಂತು. 1964ರಲ್ಲಿ ಅದು ಬೆಂಗಳೂರು ವಿಶ್ವವಿದ್ಯಾನಿಲಯಕ್ಕೆ ಸೇರಿತು. ಆ ವಿಶ್ವವಿದ್ಯಾನಿಲಯ ಜ್ಞಾನಭಾರತಿಗೆ ಹೋದ ಮೇಲೂ ಇಲ್ಲಿ ತರಗತಿಗಳು ಉಳಿದವು. 2017ರಲ್ಲಿ ವಿಶ್ವವಿದ್ಯಾನಿಲಯ ಮೂರು ಹೋಳಾದಾಗ ಈ ಆವರಣವೇ ಹೊಸದೊಂದಕ್ಕೆ ಮನೆಯಾಯಿತು. ಹೀಗೆ ಬೋರ್ಡು ಬರೆಯುವವರಿಗೆ ಕೆಲಸ ತಪ್ಪಲಿಲ್ಲ. ಗೋಡೆಗಳು ಮಾತ್ರ ಅವೇ.

ಆ ಗೋಡೆಗಳೊಳಗೆ ನಡೆದದ್ದು ಬಹಳ. ಕಲ್ಕತ್ತೆಯಲ್ಲಿ ತಮ್ಮ ಶೋಧವನ್ನು ಕಂಡ ಎರಡು ವಾರಗಳಿಗೆ, 1928ರ ಮಾರ್ಚ್ 16ರಂದು, ಸಿ. ವಿ. ರಾಮನ್ ಅದನ್ನು ಸಭೆಯ ಮುಂದೆ ವಿವರಿಸಿದ್ದು ಇಲ್ಲಿಯೇ. ಬಿ. ಎಂ. ಶ್ರೀಕಂಠಯ್ಯನವರು ಇಲ್ಲಿ ಇಂಗ್ಲಿಷ್ ಪಾಠ ಮಾಡುತ್ತ ಕನ್ನಡದ ಬೆಳವಣಿಗೆಗೆ ದುಡಿದರು. ಎ. ಆರ್. ಕೃಷ್ಣಶಾಸ್ತ್ರಿಗಳು ಕಟ್ಟಿದ ಇಲ್ಲಿನ ಕರ್ನಾಟಕ ಸಂಘದಿಂದ 'ಪ್ರಬುದ್ಧ ಕರ್ಣಾಟಕ' ಹೊರಟಿತು. ಮುಂದೆ ಜಿ. ಪಿ. ರಾಜರತ್ನಂ ಇಲ್ಲಿ ಮೇಷ್ಟರಾಗಿದ್ದು ಎಷ್ಟೋ ಹುಡುಗರ ಕೈಯಲ್ಲಿ ಬರೆಸಿದರು. ಕ್ರಿಕೆಟ್ ಹುಚ್ಚಿದ್ದ ನಮ್ಮ ಹಿರಿಯರಿಗೆ ಇದಾವುದೂ ನೆನಪಿರಲಿಲ್ಲ. ಚಿನ್ನಸ್ವಾಮಿ ಕ್ರೀಡಾಂಗಣ ಬರುವ ಮೊದಲು ದೊಡ್ಡ ಪಂದ್ಯಗಳು ಸೆಂಟ್ರಲ್ ಕಾಲೇಜಿನ ಮೈದಾನದಲ್ಲಿ ನಡೆಯುತ್ತಿದ್ದವು, ಅಷ್ಟೇ ಅವರಿಗೆ ಗೊತ್ತು.

ಇಂಥ ಕಟ್ಟಡ ಉಳಿದದ್ದು ಹೇಗೆ? ಮುಖ್ಯ ಕಾರಣ, ಅಲ್ಲಿ ಪಾಠ ನಿಲ್ಲಲಿಲ್ಲ ಎಂಬುದು ನನ್ನ ಅಭಿಪ್ರಾಯ. ದಿನವೂ ಬಾಗಿಲು ತೆಗೆಯುವ ಕೊಠಡಿಯಲ್ಲಿ ನೀರು ಸೋರಿದರೆ ಯಾರಾದರೂ ನೋಡುತ್ತಾರೆ. ಬೀಗ ಹಾಕಿದ ಕೊಠಡಿಯಲ್ಲಿ ಸೋರಿದ್ದು ತೊಲೆ ಮುರಿದ ಮೇಲೆ ತಿಳಿಯುತ್ತದೆ. ಹಳೆಯ ಕಟ್ಟಡಗಳದ್ದು ಸುಣ್ಣದ ಗಾರೆ. ಅದು ನೀರು ಕುಡಿದರೂ ಮತ್ತೆ ಆವಿಯಾಗಿ ಬಿಡುತ್ತದೆ. ಅದರ ಮೇಲೆ ಭದ್ರವಾಗಲಿ ಎಂದು ಸಿಮೆಂಟು ಬಳಿದರೆ ತೇವ ಒಳಗೇ ನಿಂತು ಗೋಡೆ ಕೊಳೆಯುತ್ತದೆ. ಬಿರುಕಿನಲ್ಲಿ ಹಕ್ಕಿ ಹಾಕಿದ ಅರಳಿ ಬೀಜವನ್ನು ಮೊಳಕೆಯಲ್ಲಿ ಕಿತ್ತರೆ ಎರಡು ಬೆರಳು ಸಾಕು. ಹತ್ತು ವರ್ಷ ಬಿಟ್ಟರೆ ಗೋಡೆಯನ್ನೇ ಬಿಚ್ಚಬೇಕು.

ಮೈಸೂರಿನಲ್ಲಿ ಇದು ಕಣ್ಣಿಗೆ ಕಟ್ಟುತ್ತದೆ. ಮಾನಸಗಂಗೋತ್ರಿಯ ಜಯಲಕ್ಷ್ಮೀ ವಿಲಾಸ 1905ರ ಅರಮನೆ. ವಿಶ್ವವಿದ್ಯಾನಿಲಯದ ಜಾನಪದ ವಸ್ತುಸಂಗ್ರಹಾಲಯ ಇರುವುದು ಅಲ್ಲಿ. ಶಿಥಿಲವಾಗಿದ್ದ ಅದನ್ನು ಇನ್ಫೋಸಿಸ್ ಪ್ರತಿಷ್ಠಾನದ ನೆರವಿನಿಂದ ಚೆನ್ನಾಗಿಯೇ ದುರಸ್ತಿ ಮಾಡಿದರು. ಆದರೂ ಕೆಲವು ವರ್ಷಗಳಲ್ಲಿ ಮತ್ತೆ ಸೋರತೊಡಗಿತು. ಒಮ್ಮೆ ದೊಡ್ಡ ಹಣ ಬಂದರೆ ಆಗದು, ಪ್ರತಿ ವರ್ಷ ಸಣ್ಣ ಹಣ ಬರಬೇಕು. 2022ರ ಅಕ್ಟೋಬರಿನ ಮಳೆಯಲ್ಲಿ ಅಲ್ಲಿನ ಮಹಾರಾಣಿ ವಿಜ್ಞಾನ ಕಾಲೇಜಿನ ನೂರು ವರ್ಷ ದಾಟಿದ ಕಟ್ಟಡದ ಒಂದು ಭಾಗ ಕುಸಿದೇ ಹೋಯಿತು. ಯಾರ ಜೀವಕ್ಕೂ ಅಪಾಯವಾಗಲಿಲ್ಲ ಎಂಬುದೊಂದೇ ಸಮಾಧಾನ.

'ಹಳೆಯದನ್ನು ಒಡೆದು ಆರ್‌ಸಿಸಿ ಹಾಕಿಸಿದರೆ ಗೊಡವೆಯೇ ಇಲ್ಲ' ಎನ್ನುವವರು ನಮ್ಮಲ್ಲೂ ಇದ್ದಾರೆ. ಮಕ್ಕಳ ತಲೆಯ ಮೇಲಿನ ಸೂರಿನ ಮಾತಾದ್ದರಿಂದ ಅದನ್ನು ತಳ್ಳಿಹಾಕುವಂತಿಲ್ಲ. ಆದರೆ ಒಡೆಯುವ ಮೊದಲು, ಸುಣ್ಣದ ಕೆಲಸ ಬಲ್ಲ ಇಂಜಿನಿಯರೊಬ್ಬರು ನೋಡಿ ಹೇಳಲಿ. ಆರ್‌ಸಿಸಿ ಸೂರೂ ನೀರು ನಿಂತರೆ ಒಳಗಿನ ಕಂಬಿ ತುಕ್ಕು ಹಿಡಿದು ಉದುರುತ್ತದೆ.

ನಮ್ಮ ಶಾಲೆಯ ಮೊದಲ ಸಾಲಿನ ಹೆಂಚಿನ ಕೊಠಡಿಗಳಿಗೆ ಐವತ್ತು ವರ್ಷವಾಯಿತು. ಈಗ ಅಲ್ಲಿ ಮುರಿದ ಬೆಂಚು, ಹಳೆಯ ಹಾಜರಿ ಪುಸ್ತಕಗಳಿವೆ, ಬಾಗಿಲಿಗೆ ಬೀಗವಿದೆ. ಹಳೆಯ ವಿದ್ಯಾರ್ಥಿಗಳಲ್ಲಿ ಗಾರೆ ಕೆಲಸದವರಿದ್ದಾರೆ, ಬಡಗಿಗಳಿದ್ದಾರೆ, ಮಗ್ಗ ನಡೆಸಿ ನಾಲ್ಕು ಕಾಸು ಕಂಡವರೂ ಇದ್ದಾರೆ. ಬರುವ ಮೇ ತಿಂಗಳ ಒಂದು ಭಾನುವಾರ, ಮುಂಗಾರಿಗೆ ಮೊದಲು, ಒಡೆದ ಹೆಂಚು ಬದಲಿಸಿ, ಬೀಗ ತೆಗೆದು, ಆ ಪುಸ್ತಕಗಳನ್ನು ಬಿಸಿಲಿಗೆ ಹಾಕೋಣ. ಏಣಿ ನಮ್ಮ ಮನೆಯಲ್ಲಿದೆ.