ಕಡಲ ತಳದಲ್ಲಿ ಅಳಿಸದ ಸಾಲು

ಹೊಲದಲ್ಲಿ ಉತ್ತ ಸಾಲು ಎಷ್ಟು ದಿನ ಉಳಿಯುತ್ತೆ ಹೇಳಿ? ನಾಲ್ಕು ಜೋರು ಮಳೆ ಬಿದ್ದರೆ ಮುಗೀತು. ಆದರೆ 1989ರಲ್ಲಿ ಎಳೆದ ಸಾಲುಗಳು 26 ವರ್ಷ ಕಳೆದರೂ ಹಾಗೇ ಇದ್ದವು ಅಂದರೆ ನಂಬ್ತೀರಾ? ನಂಬಲೇಬೇಕು. ಆ ಸಾಲುಗಳಿರೋದು ಪೆರು ದೇಶದ ಆಚೆ, ಪೆಸಿಫಿಕ್ ಸಾಗರದ ತಳದಲ್ಲಿ, ನಾಲ್ಕು ಕಿಲೋಮೀಟರಿಗೂ ಹೆಚ್ಚು ಆಳದಲ್ಲಿ.

ಕಥೆ ಶುರುವಾಗೋದು ಅದಕ್ಕೂ ನೂರು ವರ್ಷ ಹಿಂದೆ. 1872ರ ಡಿಸೆಂಬರ್‌ನಲ್ಲಿ ಬ್ರಿಟನ್ನಿನ 'ಚಾಲೆಂಜರ್' ಹಡಗು ಕಡಲ ಆಳವನ್ನು ಅಳೆಯಲು ಹೊರಟಿತು. ಅಷ್ಟು ಆಳದಲ್ಲಿ ಜೀವವೇ ಇರಲ್ಲ ಅನ್ನುವವರು ಆಗಿನ್ನೂ ಇದ್ದರು. ಮೂರೂವರೆ ವರ್ಷ ಸುತ್ತಿದ ಹಡಗು ಸಾವಿರಾರು ಹೊಸ ಜೀವಿಗಳನ್ನು ಪತ್ತೆ ಹಚ್ಚಿ ಬಂತು. ಜೊತೆಗೆ ಆಲೂಗಡ್ಡೆಯಂಥ ಕಪ್ಪು ಉಂಡೆಗಳನ್ನೂ ತಂತು. ಒಳಗಿರೋದು ಮ್ಯಾಂಗನೀಸ್, ನಿಕ್ಕಲ್, ತಾಮ್ರ, ಕೋಬಾಲ್ಟ್. ಈ ಉಂಡೆ ಕೆಲವೇ ಮಿಲಿಮೀಟರ್ ಬೆಳೆಯಲು ಹತ್ತು ಲಕ್ಷ ವರ್ಷ ಬೇಕು!

ಸುಮಾರು ಒಂದು ಶತಮಾನ ಅವು ಮ್ಯೂಸಿಯಂ ವಸ್ತುಗಳಾಗಿಯೇ ಇದ್ದವು. 1960ರ ದಶಕದಿಂದ ಶ್ರೀಮಂತ ದೇಶಗಳ ಕಣ್ಣು ಅವುಗಳ ಮೇಲೆ ಬಿತ್ತು. ಬಾಚಿದರೆ ಏನಾಗುತ್ತೆ? ಜರ್ಮನಿಯ ವಿಜ್ಞಾನಿಗಳು ಪರೀಕ್ಷೆಗಿಳಿದರು. ಎಂಟು ಮೀಟರ್ ಅಗಲದ ಕುಂಟೆಯನ್ನು ತಳಕ್ಕಿಳಿಸಿ, ಸುಮಾರು 11 ಚದರ ಕಿಲೋಮೀಟರ್ ಜಾಗದಲ್ಲಿ 78 ಸಲ ಎಳೆದರು. 2015ರಲ್ಲಿ ಮತ್ತೆ ಹೋಗಿ ನೋಡಿದರೆ, ನಿನ್ನೆ ಎಳೆದಂತೆ ಸಾಲುಗಳು! ಅಲ್ಲಿ ಮಳೆಯಿಲ್ಲ, ಗಾಳಿಯಿಲ್ಲ, ಅಳಿಸೋದು ಯಾರು? ಉಂಡೆಗೇ ಅಂಟಿಕೊಂಡು ಬದುಕುವ ಸ್ಪಂಜಿನಂಥ ಜೀವಿಗಳಿಗೆ ಮನೆಯೇ ಇಲ್ಲವಾಗಿತ್ತು. ನೆನಪಿಡಿ, ಅದು ಗಣಿಗಾರಿಕೆ ಅಲ್ಲ, ಬರೀ ಕೆರೆದು ನೋಡಿದ್ದು.

ಇದು ಯಾರದೋ ಕಡಲು ಅಂತ ಸುಮ್ಮನಿರೋ ಹಾಗಿಲ್ಲ. 1982ರ ವಿಶ್ವಸಂಸ್ಥೆಯ ಒಪ್ಪಂದದ ಪ್ರಕಾರ ದೇಶಗಳ ಗಡಿಯಾಚೆಯ ಸಾಗರತಳದ ಸಂಪತ್ತು ಇಡೀ ಮನುಕುಲದ ಆಸ್ತಿ. ಆ ಆಸ್ತಿಯಲ್ಲಿ ಶೋಧ ನಡೆಸಲು ಭಾರತವೂ 2002ರಲ್ಲಿ ಸಹಿ ಹಾಕಿದೆ. ಹಿಂದೂ ಮಹಾಸಾಗರದ ಮಧ್ಯೆ ನಮಗೆ ಸಿಕ್ಕ ಜಾಗ 75,000 ಚದರ ಕಿಲೋಮೀಟರ್.

ಬ್ಯಾಟರಿಗೆ ನಿಕ್ಕಲ್ ಬೇಕು, ಕೋಬಾಲ್ಟ್ ಬೇಕು. ಒಪ್ಪೋಣ. ಹೊಗೆಯಿಲ್ಲದ ಗಾಡಿ ಓಡಿಸೋದೂ ಒಳ್ಳೆಯದೇ. ಆದರೆ 11 ಚದರ ಕಿಲೋಮೀಟರಿನ ಗಾಯವೇ ಕಾಲು ಶತಮಾನದಲ್ಲಿ ಮಾಯಲಿಲ್ಲ. ಸಾವಿರಾರು ಚದರ ಕಿಲೋಮೀಟರ್ ಬಾಚಿದ ಮೇಲೆ ತಪ್ಪಾಯ್ತು ಅಂದರೆ, ಆ ಉಂಡೆಗಳನ್ನು ಮತ್ತೆ ಬೆಳೆಸಿಕೊಡೋರು ಯಾರು?