ಒಂದು ಪೀಪಾಯಿಯ ಎರಡನೆಯ ಜನ್ಮ: ಕೆಂಟಕಿಯಿಂದ ಕುಂಬಳಗೋಡಿಗೆ

ನಮ್ಮ ಶುಗರ್ ಲ್ಯಾಂಡ್‌ಗೆ ಹೆಸರು ತಂದ ಇಂಪೀರಿಯಲ್ ಸಕ್ಕರೆ ಕಾರ್ಖಾನೆ 2003ರಲ್ಲಿ ಮುಚ್ಚಿತು. ಅದರ ಚಾರ್ ಹೌಸ್ ಎಂಬ 1925ರ ಇಟ್ಟಿಗೆ ಕಟ್ಟಡ ಮಾತ್ರ ಇನ್ನೂ ನಿಂತಿದೆ. ಸಕ್ಕರೆ ಪಾಕವನ್ನು ಮೂಳೆಯ ಇದ್ದಿಲಿನ ಮೂಲಕ ಹಾಯಿಸಿ ಬಣ್ಣ ತೆಗೆಯುತ್ತಿದ್ದ ಜಾಗವದು. ಅಮೆರಿಕದ ಬರ್ಬನ್ ವಿಸ್ಕಿಯ ಕಥೆಯಲ್ಲೂ ಇದ್ದಿಲೇ ನಾಯಕ, ಆದರೆ ಕೆಲಸ ತಿರುವುಮುರುವು. ಇಲ್ಲಿ ಬಣ್ಣ ತೆಗೆದ ಇದ್ದಿಲು ಅಲ್ಲಿ ಬಣ್ಣ ಕೊಡುತ್ತದೆ.

ಸ್ಮರಣ ಸಂಚಿಕೆಯಲ್ಲಿ ವಿಸ್ಕಿಯ ವಿಷಯವೇ ಎಂದು ಹಿರಿಯರು ಹುಬ್ಬೇರಿಸಬಹುದು. ಕುಡಿಯುವವರಿಗಾಗಿ ಮಾತ್ರ ಬರೆದದ್ದಲ್ಲ ಇದು. ಬೆಂಗಳೂರಿನ ಒಂದು ಕಂಪನಿ ತನ್ನ ಸರಕನ್ನು ಜಗತ್ತು ಹೆಸರು ನೋಡದೆ ರುಚಿ ನೋಡಲಿ ಎಂದು ಹಠ ಹಿಡಿದ ಇತಿಹಾಸವೂ ಇದರಲ್ಲಿದೆ.

ಮೊದಲು ಪೀಪಾಯಿ. 1964ರಲ್ಲಿ ಅಮೆರಿಕದ ಕಾಂಗ್ರೆಸ್ಸು ಬರ್ಬನ್ ಈ ದೇಶದ್ದೇ ವಿಶಿಷ್ಟ ಉತ್ಪನ್ನವೆಂದು ಸಾರಿತು. ನಿಯಮದ ಪ್ರಕಾರ ಧಾನ್ಯದಲ್ಲಿ ಶೇ. 51ರಷ್ಟಾದರೂ ಮುಸುಕಿನ ಜೋಳವಿರಬೇಕು. ಬಟ್ಟಿ ಇಳಿಸಿದ ಮದ್ಯವನ್ನು ಒಳಮೈ ಸುಟ್ಟ ಹೊಸ ಓಕ್ ಪೀಪಾಯಿಯಲ್ಲೇ ಇಡಬೇಕು. ಬಣ್ಣ, ಪರಿಮಳ ಬೆರೆಸುವಂತಿಲ್ಲ. ಬೆಂಕಿ ತಾಗಿದ ಓಕ್‌ನಿಂದ ವೆನಿಲ್ಲಾದ ಘಮ, ಸುಟ್ಟ ಸಕ್ಕರೆಯ ಸಿಹಿ, ಕೊಬ್ಬರಿಯ ವಾಸನೆ ಇಳಿಯುತ್ತವೆ. ‘ಹೊಸ’ ಎಂಬ ಒಂದು ಪದದ ಪರಿಣಾಮ ನೋಡಿ: ಒಮ್ಮೆ ಬಳಸಿದ ಪೀಪಾಯಿ ಬರ್ಬನ್‌ಗೆ ಮತ್ತೆ ಬಾರದು. ಸುಮಾರು 200 ಲೀಟರಿನ ಆ ಪೀಪಾಯಿಗಳು ಸ್ಕಾಟ್ಲೆಂಡಿಗೆ ಹಡಗೇರಿದವು. ಅಂಥವೇ ಕೆಲವು ಮೈಸೂರು ರಸ್ತೆಯ ಕುಂಬಳಗೋಡಿಗೂ ಬಂದವು.

ಅಲ್ಲಿರುವುದು ಅಮೃತ್ ಡಿಸ್ಟಿಲರೀಸ್. 1948ರಲ್ಲಿ ರಾಧಾಕೃಷ್ಣ ರಾವ್ ಜಗದಾಳೆಯವರು ಸ್ಥಾಪಿಸಿದ್ದು. ಭಾರತದಲ್ಲಿ ವಿಸ್ಕಿ ಎಂದು ಮಾರುವ ಹೆಚ್ಚಿನ ಸರಕಿಗೆ ಮೂಲ ಕಾಕಂಬಿ. ಮಂಡ್ಯದ ಕಡೆಯವರಿಗೆ ಕಬ್ಬಿನ ಕಾಕಂಬಿಯ ವಾಸನೆಯನ್ನು ಯಾರೂ ಹೇಳಿಕೊಡಬೇಕಿಲ್ಲ. ಯುರೋಪಿನ ಕಾನೂನು ಮಾತ್ರ ಕಾಕಂಬಿಯ ಮದ್ಯವನ್ನು ವಿಸ್ಕಿ ಎನ್ನಲು ಒಪ್ಪದು, ಧಾನ್ಯದಿಂದಲೇ ಮಾಡಿರಬೇಕು. ಸ್ಥಾಪಕರ ಮಗ ನೀಲಕಂಠ ರಾವ್ ಜಗದಾಳೆಯವರ ಕಾಲದಲ್ಲಿ ಅಮೃತ್ ಬಾರ್ಲಿಯಿಂದ ಮಾಲ್ಟ್ ವಿಸ್ಕಿ ಇಳಿಸತೊಡಗಿತು. ಅದನ್ನು ಬ್ರಿಟನ್ನಿನಲ್ಲಿ ಮಾರಬಹುದೇ ಎಂದು ಅವರ ಮಗ ರಕ್ಷಿತ್ ನ್ಯೂಕಾಸಲ್‌ನಲ್ಲಿ ಎಂಬಿಎ ಓದುವಾಗ ಅಧ್ಯಯನ ಮಾಡಿದರು. ಗ್ಲಾಸ್ಗೋದ ‘ಪಾಟ್ ಸ್ಟಿಲ್’ ಎಂಬ ಪಬ್ಬಿನಲ್ಲಿ ಹೆಸರು ಹೇಳದೆ ಕೊಟ್ಟಾಗ ಕುಡಿದವರು ಸ್ಕಾಚ್ ಎಂದೇ ಭಾವಿಸಿದರಂತೆ. 2004ರ ಆಗಸ್ಟ್‌ನಲ್ಲಿ ಅದೇ ಗ್ಲಾಸ್ಗೋದಲ್ಲಿ ಅಮೃತ್ ಸಿಂಗಲ್ ಮಾಲ್ಟ್ ಬಿಡುಗಡೆಯಾಯಿತು. ಬೆಂಗಳೂರಿನ ಅಂಗಡಿಗೆ ಅದು ಬಂದದ್ದು 2010ರಲ್ಲಿ! ಊರಿನ ಹುಡುಗನನ್ನು ಹೊರಗಿನವರು ಹೊಗಳಿದ ಮೇಲೆ ನಾವು ಹಾರ ಹಾಕುವುದು ಹೊಸತಲ್ಲ. ಜಿಮ್ ಮರ್ರೆಯವರ 2010ರ ‘ವಿಸ್ಕಿ ಬೈಬಲ್’ ಅಮೃತ್ ಫ್ಯೂಷನ್‌ಗೆ 97 ಅಂಕ ಕೊಟ್ಟು, ಜಗತ್ತಿನಲ್ಲಿ ಮೂರನೆಯ ಸ್ಥಾನದಲ್ಲಿಟ್ಟಿತ್ತು.

ಇನ್ನು ‘ಫಿನಿಶ್’. ಒಂದು ಪೀಪಾಯಿಯಲ್ಲಿ ಹಣ್ಣಾದ ವಿಸ್ಕಿಯನ್ನು ಶೆರ್ರಿ, ಪೋರ್ಟ್, ರಮ್ ಇದ್ದ ಇನ್ನೊಂದಕ್ಕೆ ಸುರಿದು ಸ್ವಲ್ಪ ಕಾಲ ಇಡುವುದು. ಇದನ್ನು 1980ರ ದಶಕದಲ್ಲಿ ಹೆಸರಿಗೆ ತಂದವರಲ್ಲಿ ಬಾಲ್ವೆನಿಯ ಡೇವಿಡ್ ಸ್ಟೂವರ್ಟ್ ಮುಖ್ಯರು. ಕೆಂಟಕಿಯಲ್ಲಿ ಲಿಂಕನ್ ಹೆಂಡರ್ಸನ್ ಪೋರ್ಟ್ ಪೀಪಾಯಿಯಲ್ಲಿ ಮುಗಿಸಿದ ‘ಏಂಜಲ್ಸ್ ಎನ್ವಿ’ ತಂದದ್ದು 2010-11ರ ಸುಮಾರಿಗೆ. ಆ ಹೊತ್ತಿಗೇ ಕುಂಬಳಗೋಡಿನಿಂದ ‘ಇಂಟರ್ಮೀಡಿಯೆಟ್ ಶೆರ್ರಿ’, ‘ಪೋರ್ಟೋನೋವಾ’ ಹೊರಟಿದ್ದವು. ಇವು ಕೊನೆಗೆ ಶೆರ್ರಿ, ಪೋರ್ಟ್ ತೋರಿಸಿ ನಿಲ್ಲುವುದಿಲ್ಲ. ನಡುವೆ ಅದರಲ್ಲಿದ್ದು ಮತ್ತೆ ಬರ್ಬನ್ ಪೀಪಾಯಿಗೆ ಮರಳುತ್ತವೆ. ಒಗ್ಗರಣೆ ಕೊನೆಗೆ ಹಾಕಿದ ಸಾರಿಗೂ ಒಗ್ಗರಣೆಯ ಮೇಲೆ ಕುದಿಸಿದ ಸಾರಿಗೂ ಇರುವ ಅಂತರ. ನನ್ನ ನಾಲಿಗೆಗೆ ಎರಡನೆಯದೇ ಮೇಲು.

ಫಿನಿಶ್ ಮಾಡಿದ್ದು ಬರ್ಬನ್ನೇ ಅಲ್ಲವೇ ಎಂಬ ತಕರಾರು ಇಲ್ಲಿ ಇನ್ನೂ ಇದೆ. ಬೇರೆ ಪೀಪಾಯಿಯ ಸಂಗ ಮಾಡಿದ್ದನ್ನು ಲೇಬಲ್ಲಿನಲ್ಲಿ ಹೇಳಲೇಬೇಕು. ಹೇಳಿದ ಮೇಲೆ ಜಗಳವೇಕೆ ಎನ್ನುವುದು ನನ್ನ ವಾದ.

ಬಿಸಿಲೂ ಈ ಕಥೆಯ ಪಾತ್ರಧಾರಿ. ಸ್ಕಾಟ್ಲೆಂಡಿನಲ್ಲಿ ವರ್ಷಕ್ಕೆ ಶೇ. 2ರಷ್ಟು ಪೀಪಾಯಿಯಿಂದ ಆವಿಯಾದರೆ, ಬೆಂಗಳೂರಿನಲ್ಲಿ ಶೇ. 10-12. ಆದ್ದರಿಂದ ನಾಲ್ಕೈದು ವರ್ಷಕ್ಕೇ ಅದು ಹದಕ್ಕೆ ಬರುತ್ತದೆ. ಲೇಬಲ್ಲಿನ ವಯಸ್ಸು ನೋಡಿ ಬೆಲೆ ಕಟ್ಟುವವರು ಮೋಸಹೋಗುವುದು ಇಲ್ಲೇ. ದೇವತೆಗಳ ಪಾಲು ಎನ್ನುವ ಈ ನಷ್ಟವನ್ನೇ ನಗೆಯಾಗಿಸಿ ಅಮೃತ್ ತನ್ನ ಒಂದು ಹಳೆಯ ವಿಸ್ಕಿಗೆ ‘ಗ್ರೀಡಿ ಏಂಜಲ್ಸ್’ ಎಂದು ಹೆಸರಿಟ್ಟಿತು. ಟೆಕ್ಸಸ್ಸಿನ ದೇವತೆಗಳೂ ಕಡಿಮೆಯವರಲ್ಲ. ಆಸ್ಟಿನ್‌ನ ಪಶ್ಚಿಮಕ್ಕಿರುವ ಹೈ ಎಂಬ ಹಳ್ಳಿಯಲ್ಲಿ ಗ್ಯಾರಿಸನ್ ಬ್ರದರ್ಸ್ ಈ ಬಿಸಿಲಲ್ಲೇ ಬರ್ಬನ್ ಇಡುತ್ತಾರೆ. ಅದು 2010ರಲ್ಲಿ ಮಾರುಕಟ್ಟೆಗೆ ಬಂತು. ಡಲ್ಲಾಸ್‌ಗೂ ಆಸ್ಟಿನ್‌ಗೂ ನಡುವಿನ ವೇಕೋದಲ್ಲಿ, ಸೇತುವೆಯ ಕೆಳಗಿನ ಹಳೇ ವೆಲ್ಡಿಂಗ್ ಶೆಡ್ಡಿನಲ್ಲಿ ಶುರುವಾದ ಬಾಲ್ಕೋನಿಸ್‌ನ ಮಾಲ್ಟ್ ವಿಸ್ಕಿ 2012ರಲ್ಲಿ ಲಂಡನ್ನಿನ ಹೆಸರು ಮುಚ್ಚಿದ ಸ್ಪರ್ಧೆಯಲ್ಲಿ ಪ್ರಸಿದ್ಧ ಸ್ಕಾಚ್‌ಗಳನ್ನೇ ಹಿಂದಿಕ್ಕಿತು.

ಆಸಕ್ತಿಯುಳ್ಳವರು ಮನೆಯಲ್ಲೂ ಹೀಗೆ ನೋಡಬಹುದು. ಸಾದಾ ಬರ್ಬನ್, ಪೋರ್ಟ್ ಫಿನಿಶ್, ಶೆರ್ರಿ ಫಿನಿಶ್, ಜೊತೆಗೊಂದು ಅಮೃತ್. ಬಾಟಲಿಗೆ ಕಾಗದ ಸುತ್ತಿ ಅಂಕಿ ಬರೆಯಿರಿ. ಬಾಯಿ ಕಿರಿದಾದ ಲೋಟಕ್ಕೆ ಎರಡು ಚಮಚ ಸಾಕು. ತುಟಿ ಸ್ವಲ್ಪ ತೆರೆದು ಮೂಸಿ, ಮೊದಲು ಹಾಗೇ, ಆಮೇಲೆ ನಾಲ್ಕು ಹನಿ ನೀರು ಹಾಕಿ ನೋಡಿ. ಪುಸ್ತಕಗಳಲ್ಲಿ ಬರುವ ಕ್ರಿಸ್‌ಮಸ್ ಕೇಕು, ಹೆದರ್ ಹೂ ನಮಗೇಕೆ? ಒಣದ್ರಾಕ್ಷಿ, ಖರ್ಜೂರ, ಲವಂಗ, ಜೋನಿಬೆಲ್ಲ, ಹುರಿದ ಕೊಬ್ಬರಿ, ಮಳೆ ಬಿದ್ದ ಮರದ ಬಾಗಿಲು ಎಂದು ಬರೆದುಕೊಳ್ಳಿ. ಎಲ್ಲರೂ ಅಂಕ ಹಾಕಿದ ಮೇಲೆ ಕಾಗದ ಬಿಚ್ಚಿ, ಬೆಲೆಯ ಚೀಟಿಯನ್ನೂ ಪಕ್ಕದಲ್ಲಿಡಿ.