ಚಾವಡಿಯೆಂಬ ಶ್ರವಣಮಂದಿರ

ಗಾನವನ್ನು ಕೇಳುವುದಕ್ಕೆಂದೇ ಮನೆಯಲ್ಲೊಂದು ಕೋಣೆಯನ್ನು ಕಟ್ಟಿಸುವುದು ನವೀನರ ಅಭಿಲಾಷೆಯೆಂದು ಹಲವರು ಭಾವಿಸುವರು. ನಮ್ಮ ಹಿರಿಯಡ್ಕದ ಸೀಮೆಯಲ್ಲಾದರೋ ದೊಡ್ಡ ಮನೆಗಳ ಚಾವಡಿಯೇ ಆ ಕಾರ್ಯವನ್ನು ನಡೆಯಿಸುತ್ತಿದ್ದಿತು. ಮಳೆಗಾಲದಲ್ಲಿ ಮೇಳಗಳ ತಿರುಗಾಟವು ನಿಂತಾಗ ಅಲ್ಲಿ ತಾಳಮದ್ದಳೆ ಜರಗುತ್ತಿತ್ತು. ವೇಷವಿಲ್ಲ, ಕುಣಿತವಿಲ್ಲ, ಭಾಗವತರ ಪದ, ಮದ್ದಳೆಯ ನುಡಿ, ಅರ್ಥಧಾರಿಗಳ ಮಾತು, ಸರ್ವವೂ ಕಿವಿಗಾಗಿ.

ಆ ಸ್ಥಳವು ಕೇಳ್ಮೆಗೆ ಒಗ್ಗಿದುದೇಕೆಂಬುದನ್ನು ಧ್ವನಿವಿಜ್ಞಾನವು ತಿಳಿಸುತ್ತದೆ. 1895ರಲ್ಲಿ ಅಮೆರಿಕದ ಹಾರ್ವರ್ಡಿನಲ್ಲಿ ವಾಲೇಸ್ ಸೆಬೈನ್ ಎಂಬ ವಿಜ್ಞಾನಿಯು ಮಾರ್ದನಿಯಿಂದ ಕೆಟ್ಟಿದ್ದ ಉಪನ್ಯಾಸಮಂದಿರವೊಂದನ್ನು ಪರೀಕ್ಷಿಸತೊಡಗಿ, ಮೆತ್ತೆಗಳೂ ಕುಳಿತ ಜನರೂ ಶಬ್ದವನ್ನು ಎಷ್ಟು ಹೀರುವರೆಂಬುದನ್ನು ಅಳೆದು ತೋರಿಸಿದನು. ಚಾವಡಿಗೆ ಈ ಗುಣವು ಸಹಜವಾಗಿದ್ದಿತು. ಅಂಗಳದತ್ತ ತೆರೆದ ಪಾರ್ಶ್ವದಿಂದ ನಾದವು ಹೊರಹರಿಯುವುದು. ಕಂಬ ತೊಲೆಗಳು ಅದನ್ನು ಚದರಿಸುವುವು. ಒತ್ತೊತ್ತಾಗಿ ಕುಳಿತ ಶ್ರೋತೃಗಳು ಮಾರ್ದನಿಯನ್ನಡಗಿಸುವರು. ಹಂಚಿನ ಮೇಲೆ ಮಳೆ ಹೊಯ್ಯುವಾಗಿನ ಸದ್ದೊಂದೇ ಅದರ ದೋಷ.

ಏರುಮದ್ದಳೆಗೆ ಹೆಸರಾದ ಹಿರಿಯಡ್ಕ ಗೋಪಾಲರಾಯರು (1919–2020) ಈ ಊರಿನ ಕೀರ್ತಿಯನ್ನು ಬೆಳಗಿಸಿದವರು. ಅಂತಹ ವಾದನದಲ್ಲಿ ಒಂದೊಂದು ಬೆರಳ ನುಡಿಯೂ ಬೇರೆಬೇರೆಯಾಗಿ ಕೇಳಿಸಬೇಕು. ಬರಿಯ ಕಾಂಕ್ರೀಟು ಗೋಡೆಗಳ ನಡುವೆ ನುಡಿಯ ಮೇಲೆ ನುಡಿ ಬಿದ್ದು ಎಲ್ಲವೂ ಕಲಸಿಹೋಗುವುದು.

ಹಳೆಯ ಚಾವಡಿಯನ್ನು ಕೆಡಹಿ ಹೊಸ ಕೋಣೆಯನ್ನೆಬ್ಬಿಸುವವರು, ಕೆಡಹುವ ಮುನ್ನ ಅಲ್ಲಿ ನಿಂತು ಒಮ್ಮೆ ಕೈತಟ್ಟಿ ಕೇಳಲಿ. ಕಟ್ಟಬೇಕೆಂದಿರುವುದು ಅಲ್ಲಿಯೇ ಇದ್ದೀತು.